ಒಂದು ತಟ್ಟೆ ಕಡಿಮೆ

ತಾತನದು ರದ್ದಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಿರುಗುಟ್ಟುವ ಮರದ ಮೆಟ್ಟಿಲು. ಅಂಗಡಿಯ ಹಿಂದೆ ಕಿಟಕಿಯಿಲ್ಲದ ಒಂದು ಗೋದಾಮಿತ್ತು. ಹಳೆಯ ಪತ್ರಿಕೆ, ಪಠ್ಯಪುಸ್ತಕ, ರಟ್ಟು ಕಿತ್ತ ಕಾದಂಬರಿ ಎಲ್ಲವನ್ನೂ ಅಲ್ಲಿ ಸೂರು ಮುಟ್ಟುವಂತೆ ಒಟ್ಟಿರುತ್ತಿದ್ದರು. ಮಧ್ಯಾಹ್ನವಾದರೆ ಮಾಡಿನ ಗಾಜಿನ ಹೆಂಚಿನಿಂದ ಬೆಳಕಿನ ಒಂದು ಚೌಕ ಕೆಳಗೆ ಬೀಳುತ್ತಿತ್ತು. ನಮ್ಮ ದೊಡ್ಡಮ್ಮ ಓದುವುದನ್ನು ಕಲಿತದ್ದು ಆ ಚೌಕದೊಳಗೆ ಕೂತು. ಬೆಳಕು ಸರಿದಂತೆ ಅವಳೂ ಸರಿಯುತ್ತಿದ್ದಳು. ಪಕ್ಕದಲ್ಲಿ ಅವಳ ತಂಗಿ, ಅಂದರೆ ನಮ್ಮಮ್ಮ. ಇನ್ನೂ ಅಕ್ಷರ ಬಾರದವಳು, ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳಂತೆ.

ರದ್ದಿಗೆ ಬಂದ ಪುಸ್ತಕಕ್ಕೆ ತಲೆಯಿದ್ದರೆ ಬಾಲವಿಲ್ಲ, ಬಾಲವಿದ್ದರೆ ತಲೆಯಿಲ್ಲ. ದೊಡ್ಡಮ್ಮನಿಗೆ ಅದು ಕೊರತೆ ಅನ್ನಿಸುತ್ತಲೇ ಇರಲಿಲ್ಲ. ಕಥೆಗಳೆಲ್ಲ ಹೀಗೇ ಎಲ್ಲಿಂದಲೋ ಶುರುವಾಗಿ ಇನ್ನೆಲ್ಲೋ ನಿಲ್ಲುತ್ತವೆ ಎಂದುಕೊಂಡಿದ್ದಳು. ತಾತ ಮಾತ್ರ ರೇಗುತ್ತಿದ್ದರು.

"ಅರ್ಧಂಬರ್ಧ ಓದಬೇಡ್ವೇ, ತಲೇನೂ ಅರ್ಧಂಬರ್ಧ ಆಗುತ್ತೆ."

"ಪೂರ್ತಿ ಇರೋದು ಕೊಡಪ್ಪ, ಓದ್ತೀನಿ."

"ಪೂರ್ತಿ ಇದ್ದಿದ್ರೆ ನಮ್ಮ ಅಂಗಡಿಗ್ಯಾಕೆ ಬರ್ತಿತ್ತು?"

ಹಾಗೆ ಸಿಕ್ಕಿದ್ದೇ ತಟ್ಟೆಯ ಕಥೆ. ರಟ್ಟಿಲ್ಲ, ಹೆಸರಿಲ್ಲ. ಅಧ್ಯಾಯದ ಮೇಲೆ ಬೋರಲು ಹಾಕಿದ ತಟ್ಟೆಯ ಚಿಕ್ಕ ಚಿತ್ರ. ಕಥೆ ಒಬ್ಬ ಹೊಸ ಸೊಸೆಯದು. ದೊಡ್ಡ ಸಂಸಾರ; ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಸೊಸೆ ತಲೆ ಎಣಿಸಿ ತಟ್ಟೆ ಇಡುತ್ತಾಳೆ. ಆದರೂ ದಿನವೂ ಒಂದು ತಟ್ಟೆ ಕಡಿಮೆ ಬೀಳುತ್ತದೆ. ಅತ್ತೆ ಬೈಯುವುದಿಲ್ಲ, "ಇನ್ನೊಂದು ತಾರಮ್ಮ" ಅನ್ನುತ್ತಾರೆ, ಅಷ್ಟೇ. ಸಾಲಿನ ಕೊನೆಯಲ್ಲಿ ಯಾರೋ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಾರೆ. ಊಟವಾದ ಮೇಲೆ ಒಂದು ತಟ್ಟೆ ಮಾತ್ರ ತೊಳೆದಿಟ್ಟಷ್ಟು ಚೊಕ್ಕಟವಾಗಿರುತ್ತದೆ. ಕೊನೆಗೊಂದು ದಿನ ಸೊಸೆ ಗಟ್ಟಿಮನಸ್ಸು ಮಾಡುತ್ತಾಳೆ. ಇವತ್ತು ಒಬ್ಬೊಬ್ಬರ ಮುಖವನ್ನೂ ನೋಡಿಯೇ ಬಡಿಸುತ್ತೇನೆ ಅಂದುಕೊಳ್ಳುತ್ತಾಳೆ. 'ಅವಳು ತಲೆ ಎತ್ತಿ ನೋಡಿದಳು.' ಮುಂದಿನ ಪುಟಗಳು ಹರಿದುಹೋಗಿದ್ದವು.

ಅಂದಿನಿಂದ ದೊಡ್ಡಮ್ಮನಿಗೆ ಮನೆಯಲ್ಲಿ ಊಟಕ್ಕೆ ಕೂರುವುದೆಂದರೆ ಹೆದರಿಕೆ. ತಟ್ಟೆಯಿಂದ ಕಣ್ಣು ಕೀಳುತ್ತಿರಲಿಲ್ಲ. ಅಜ್ಜಿ ದೃಷ್ಟಿಯಾಗಿದೆ ಅಂದರು, ತಾತ ಸೊಕ್ಕು ಅಂದರು. ಆದರೂ ಮಧ್ಯಾಹ್ನವಾದರೆ ಅವಳ ಕಾಲು ತಾನಾಗಿ ಗೋದಾಮಿನ ಕಡೆ ನಡೆಯುತ್ತಿತ್ತು. ಅದೇ ಕಥೆಯನ್ನು ತಂಗಿಗೆ ಮತ್ತೆ ಮತ್ತೆ ಓದುತ್ತಿದ್ದಳು.

ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಆ ಪುಸ್ತಕವಿದ್ದ ಕಟ್ಟು ಇರಲಿಲ್ಲ. ತಾತ ಅದನ್ನು ಕಿರಾಣಿ ಅಂಗಡಿಗೆ ಪೊಟ್ಟಣ ಕಟ್ಟಲು ಕೊಟ್ಟುಬಿಟ್ಟಿದ್ದರು. ದೊಡ್ಡಮ್ಮ ಓಡಿದಳು. ಕಿರಾಣಿಯವನು ನಕ್ಕ. "ಎಲ್ರೂ ಸಕ್ಕರೆಗೆ ಬರ್ತಾರೆ, ನೀನು ಪೊಟ್ಟಣಕ್ಕೆ ಬರ್ತೀಯಲ್ಲೇ!" ಗಿರಾಕಿಗಳ ಹಿಂದೆ ಹೋಗಿ ಸಕ್ಕರೆ ಅಂಟಿದ ಕಾಗದ ಬೇಡಿ ತಂದಳು. ಯಾವುದೂ ಅದಲ್ಲ.

ಮಕ್ಕಳ ಬುದ್ಧಿ ನೋಡಿ. ಇಲ್ಲಿ ಹರಿದ ಕಥೆ ಬೇರೆ ಯಾವುದಾದರೂ ಪುಸ್ತಕದಲ್ಲಿ ಮುಂದುವರಿದಿರಲೇಬೇಕು ಎಂದು ಅವಳು ತೀರ್ಮಾನಿಸಿದಳು. ಗೋದಾಮಿಗೆ ಬಂದದ್ದನ್ನೆಲ್ಲ ಓದಿದಳು. ಹಡಗುಗಳ ಬಗ್ಗೆ, ಹೊಲಿಗೆ ಯಂತ್ರದ ಬಗ್ಗೆ, ಸತ್ತುಹೋದ ರಾಜರ ಬಗ್ಗೆ. ಹುಡುಕುತ್ತ ಹೋದವಳಿಗೆ ಯಾವಾಗ ಹುಡುಕಾಟ ಮರೆತು ಓದೇ ಉಳಿಯಿತೋ ಅವಳಿಗೇ ತಿಳಿಯದು. ತಾತ ಹೋದ ಮೇಲೆ ಅಂಗಡಿ ಅವಳ ಕೈಗೆ ಬಂತು. ಒಳ್ಳೆಯ ಪುಸ್ತಕಗಳನ್ನು ಬೇರೆ ಮಾಡಿ, ಹೊಲಿದು, ರಟ್ಟು ಹಾಕಿ ಮಾರತೊಡಗಿದಳು. ಹಳೇ ಪುಸ್ತಕದ ಅಂಗಡಿ ಎಂದೇ ಈಗ ಅದರ ಹೆಸರು. ಹರಿದವನ್ನು ಮಾತ್ರ ಯಾವತ್ತೂ ಪೊಟ್ಟಣಕ್ಕೆ ಕೊಡಲಿಲ್ಲ.

ಮೊನ್ನೆ ಬೇಸಿಗೆಯಲ್ಲಿ ಒಬ್ಬ ಕಾಂಪೌಂಡರ್ ತೀರಿಕೊಂಡ ತನ್ನ ತಾಯಿಯ ಟ್ರಂಕನ್ನು ತಂದು ಸುರಿದ. ನಾನು ಪುಸ್ತಕಗಳ ಧೂಳು ಕೊಡವುತ್ತಿದ್ದೆ. ಒಂದನ್ನು ತೆರೆದ ದೊಡ್ಡಮ್ಮ ಸ್ಟೂಲು ಎಳೆದುಕೊಂಡು ಕೂತಳು. ಬೋರಲು ತಟ್ಟೆಯ ಚಿತ್ರ! ರಟ್ಟಿನಿಂದ ರಟ್ಟಿನವರೆಗೆ ಒಂದು ಪುಟವೂ ಹರಿದಿರಲಿಲ್ಲ.

"ಇಲ್ಲೇ ಇರು, ಎಲ್ಲೂ ಹೋಗಬೇಡ," ಎಂದು ನನ್ನ ಕೈ ಹಿಡಿದುಕೊಂಡಳು. ಕೂದಲು ನೆರೆತ ಹೆಂಗಸು, ಎಳೆ ಮಗುವಿನಂತೆ ಒಂದು ಕೈ ನನ್ನ ಮುಷ್ಟಿಯಲ್ಲಿಟ್ಟು ಇನ್ನೊಂದು ಕೈಯಲ್ಲಿ ಪುಟ ತಿರುವಿದಳು.

'ಅವಳು ತಲೆ ಎತ್ತಿ ನೋಡಿದಳು.' ಪುಟ ಮಗುಚಿದರೆ, ಊಟಕ್ಕೆ ಕೂತವರೆಲ್ಲ ನಗುತ್ತಿದ್ದರು. ಬೀದಿನಾಯಿಗೆ ಅನ್ನ ಹಾಕಲು ತುಂಟ ಮೈದುನ ದಿನವೂ ಒಂದು ತಟ್ಟೆ ಕದ್ದು ಮಂಚದಡಿ ಇಡುತ್ತಿದ್ದನಂತೆ. ಅದೊಂದು ನಗೆಕಥೆ.

ದೊಡ್ಡಮ್ಮ ಹಿಂದಕ್ಕೆ ತಿರುವಿದಳು, ಮೊದಲಿಂದ ಓದಿದಳು. ಗೋಡೆಯ ಕಡೆ ಮುಖ ಮಾಡಿ ಉಣ್ಣುವವರು ಅದರಲ್ಲಿರಲಿಲ್ಲ. ಚೊಕ್ಕಟವಾದ ತಟ್ಟೆಯೂ ಇರಲಿಲ್ಲ. "ಇನ್ನೊಂದು ತಾರಮ್ಮ" ಎಂಬ ಮಾತು ಹುಡುಕಿದರೂ ಸಿಗಲಿಲ್ಲ.

ಅಷ್ಟರಲ್ಲಿ ಅಮ್ಮ ಚಹಾ ಹಿಡಿದು ಮೆಟ್ಟಿಲಿಳಿದು ಬಂದಳು. ದೊಡ್ಡಮ್ಮ ಪುಸ್ತಕ ಮುಂದೆ ಹಿಡಿದು, "ನಾನು ಓದಿದ್ದು ಯಾವುದೂ ಇದರಲ್ಲಿ ಇಲ್ಲ ಕಣೇ," ಎಂದಳು.

ಅಮ್ಮನಿಗೆ ಆಶ್ಚರ್ಯವೇನೂ ಆಗಲಿಲ್ಲ. "ನೀನು ಓದಿದ್ದು ಇಷ್ಟೇ ಅಲ್ವಾ ಅಕ್ಕ? ಹೆದರಿಸೋದೆಲ್ಲ ಅವಳು ಸೇರಿಸ್ತಿದ್ದಿದ್ದು."

"ಅವಳು ಅಂದ್ರೆ?"

"ಅದೇ, ನಮ್ಮ ಜೊತೆ ಗೋಣಿಮೂಟೆ ಮೇಲೆ ಕೂತಿರ್ತಿದ್ಲಲ್ಲ. ನೀನು ಓದೋದು ನಿಲ್ಸಿದಾಗೆಲ್ಲ ಮಧ್ಯೆ ಮಧ್ಯೆ ಹೇಳೋಳು. ಪಕ್ಕದ ಬೀದಿಯೋಳು ಅಂದ್ಕೊಂಡಿದ್ದೆ."

ನಾನು ಗೋದಾಮಿನ ಕಡೆ ತಿರುಗಿ ನೋಡಿದೆ. ಆ ಗೋದಾಮಿಗೆ ಇರುವುದು ಒಂದೇ ಬಾಗಿಲು. ಅದರ ಬಾಯಲ್ಲೇ ತಾತನ ತಕ್ಕಡಿ. ಪೇಪರ್ ರಾಶಿ ಮೈಮೇಲೆ ಉರುಳೀತೆಂದು ಪರರ ಮಕ್ಕಳನ್ನು ಅವರು ಒಳಗೆ ಬಿಡುತ್ತಲೇ ಇರಲಿಲ್ಲ.

"ಯಾರೂ ಇರ್ಲಿಲ್ಲ, ನಾವಿಬ್ರೇ," ಎಂದಳು ದೊಡ್ಡಮ್ಮ.

"ಚೆನ್ನಾಗಿ ಹೇಳ್ತೀಯ! ನೀನು ಅವಳ ಕಡೆ ತಿರುಗೇ ಓದ್ತಿದ್ದೆ. ನನಗೆ ನಿನ್ನ ಬೆನ್ನು ಕಾಣ್ತಿತ್ತು. ನಿಮ್ಮಿಬ್ಬರ ಮೇಲೆ ನನಗೆಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ?"

ದೊಡ್ಡಮ್ಮ ಈಗ ಕೂಗುತ್ತಾಳೆ, ಇಲ್ಲ ಅಳುತ್ತಾಳೆ ಅಂದುಕೊಂಡೆ. ಅವಳು ಮುಂದೆ ಬಾಗಿ ಕೇಳಿದ್ದು ಒಂದೇ ಮಾತು:

"ಕೊನೆಗೇನಾಯ್ತು ಅಂತ ಹೇಳಿದ್ಲಾ?"

"ಹೇಳ್ತೀನಿ ಅಂದ್ಲು. ನೀನೇ ಕಿವಿ ಮುಚ್ಕೊಂಡೆ. ಹೇಳ್ಬೇಡ, ನಾನೇ ಓದಿ ತಿಳ್ಕೋತೀನಿ ಅಂತ ಕಿರುಚ್ದೆ. ಆಮೇಲೆ ಅವಳು ಬರಲಿಲ್ಲ."

ಚಹಾ ಆರಿ ಕೆನೆ ಕಟ್ಟಿತು. ದೊಡ್ಡಮ್ಮ ಪುಸ್ತಕ ಮುಚ್ಚಿ, "ಒಳ್ಳೇದೇ ಆಯ್ತು," ಎಂದಳು. "ಅವತ್ತೇ ಹೇಳಿಬಿಟ್ಟಿದ್ರೆ ನಾನು ಇಷ್ಟೆಲ್ಲ ಓದ್ತಿದ್ನಾ?"

ಆ ಪುಸ್ತಕವನ್ನು ವಾರದೊಳಗೆ ಶಾಲೆಯ ಒಬ್ಬ ಟೀಚರಿಗೆ ಮಾರಿದಳು, ಮಕ್ಕಳಿಗೆ ಓದಿ ಹೇಳಿ, ನಗ್ತಾರೆ ಅಂತ. ಅಮ್ಮ ಈಗ ಗೋದಾಮಿನ ಕಡೆ ಸುಳಿಯುವುದಿಲ್ಲ. ಏನಾದರೂ ಬೇಕಾದರೆ ನನ್ನನ್ನು ಕಳಿಸುತ್ತಾಳೆ. ನಾನು ಬಾಗಿಲಲ್ಲೇ ನಿಂತು ಕೈ ಚಾಚಿ ಎಳೆದುಕೊಳ್ಳುತ್ತೇನೆ. ದೊಡ್ಡಮ್ಮ ಮಾತ್ರ ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ಹೊಸದಾಗಿ ಬಂದ ಯಾವುದಾದರೂ ಪುಸ್ತಕ ತೆಗೆದುಕೊಂಡು ಒಳಗೆ ಹೋಗುತ್ತಾಳೆ. ಮೊದಲು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದವಳು ಈಗ ಗಟ್ಟಿಯಾಗಿ ಓದುತ್ತಾಳೆ. ಯಾರಿಗೆ ಓದ್ತೀಯ ಅಂತ ಕೇಳಿದ್ದಕ್ಕೆ, "ಕಣ್ಣು ಮಂಜು ಕಣೇ, ಕಿವಿಗಾದರೂ ಬೀಳಲಿ ಅಂತ," ಅಂದಳು. ಇರಬಹುದು. ಆದರೆ ಗಲ್ಲಾದ ಹತ್ತಿರ ಕೂತರೆ ಎಲ್ಲ ಕೇಳಿಸುತ್ತದೆ. ಅವಳು ಒಂದು ಪುಟ ಓದಿ ಮುಗಿಸುತ್ತಾಳೆ. ಕೂಡಲೇ ಮಗುಚುವುದಿಲ್ಲ. ಪಕ್ಕದವರು ಇನ್ನೂ ಓದುತ್ತಿರುವಾಗ ನಾವು ಕಾಯುತ್ತೇವಲ್ಲ, ಅಷ್ಟು ಹೊತ್ತು ಕಾದು, ಆಮೇಲೆ ಮಗುಚುತ್ತಾಳೆ.