ಉಪ್ಪು ಹಾಕದ ಐಸು

ಐಸಿನ ವಿಷಯದಲ್ಲಿ ದುರುಗಪ್ಪನಿಗೆ ಬುದ್ಧಿ ಹೇಳುವವರು ಸೂಳೆಕೆರೆಯ ಸುತ್ತ ಯಾರೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅವನು ಕೆರೆಯ ಕಾಟ್ಲಾ, ರೋಹು ಮೀನುಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಬೈಕಿನ ಹಿಂದೆ ಕಟ್ಟಿಕೊಂಡು ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಲ್ಲಿ ಮಾರುತ್ತಿದ್ದಾನೆ. ಐಸ್ ಗಡ್ಡೆಯನ್ನು ಗೋಣಿಚೀಲದಲ್ಲಿ ಸುತ್ತಿ ಜಜ್ಜಿ, ಆ ಪುಡಿಗೆ ಎರಡು ಹಿಡಿ ಕಲ್ಲುಪ್ಪು ಬೆರೆಸುವುದು ಅವನ ಕ್ರಮ. ಉಪ್ಪು ಬಿದ್ದ ಐಸು ಇನ್ನಷ್ಟು ಕೊರೆಯುತ್ತದೆ. ಏಪ್ರಿಲ್ ಬಿಸಿಲಲ್ಲೂ ನ್ಯಾಮತಿಯ ಗಿರಾಕಿಗಳು ಮೀನಿನ ಕಿವಿರು ಎತ್ತಿ ನೋಡಿ ಮರುಮಾತಿಲ್ಲದೆ ಒಯ್ಯುತ್ತಾರೆ.

ಹೀಗಾಗಿ ಅಕ್ಕ ಹುಲಿಗೆಮ್ಮನ ಔಷಧಿಯನ್ನು ತಣ್ಣಗೆ ಒಯ್ಯಬೇಕು ಎಂದು ಔಷಧಿ ಅಂಗಡಿಯವರು ಹೇಳಿದಾಗ ಅವನಿಗೆ ಒಳಗೊಳಗೇ ನಗು ಬಂದಿತ್ತು.

ಸಾಸ್ವೆಹಳ್ಳಿಗೆ ಕೊಟ್ಟ ಅಕ್ಕ ಅಂಡಾಶಯದ ಕ್ಯಾನ್ಸರ್ ಮರುಕಳಿಸಿದ ಮೇಲೆ ತಮ್ಮನ ಮನೆಯಲ್ಲೇ ಇದ್ದಾಳೆ. ತಿಂಗಳಿಗೊಮ್ಮೆ ದಾವಣಗೆರೆಯ ಆಸ್ಪತ್ರೆಯಲ್ಲಿ ಒಂದು ಕೆಂಪು ಔಷಧಿಯನ್ನು ಅವಳ ರಕ್ತನಾಳಕ್ಕೆ ಹನಿಸುತ್ತಾರೆ. ಎರಡು ಸಲ ಅದು ಆಸ್ಪತ್ರೆಯಲ್ಲೇ ಸಿಕ್ಕಿತ್ತು. ಮೂರನೆಯ ಸಲ ದಾಸ್ತಾನು ಮುಗಿದಿದ್ದರಿಂದ ಚನ್ನಗಿರಿಯ ಔಷಧಿ ಅಂಗಡಿಯ ಗುರುಬಸವರಾಜ್ ತರಿಸಿಕೊಟ್ಟರು. ಕೊಡುವಾಗ, ತಣ್ಣಗಿರಬೇಕು, ಆದರೆ ಗಟ್ಟಿಯಾಗಬಾರದು ಎಂದು ಎರಡು ಸಲ ಹೇಳಿದರು. ದುರುಗಪ್ಪನ ಕಿವಿಗೆ ಬಿದ್ದದ್ದು ಮೊದಲ ಅರ್ಧ ಮಾತ್ರ. ಪೆಟ್ಟಿಗೆಗೆ ಐಸು ತುಂಬಿ, ಅಕ್ಕನ ಔಷಧಿ ಎಂದು ಎರಡು ಹಿಡಿ ಉಪ್ಪಿನ ಜಾಗದಲ್ಲಿ ನಾಲ್ಕು ಹಿಡಿ ಹಾಕಿ, ಸೀಸೆಯನ್ನು ನಟ್ಟನಡುವೆ ಹುದುಗಿಸಿದ.

ದಾವಣಗೆರೆಯಲ್ಲಿ ನರ್ಸ್ ಕಲ್ಪನಾ ಸೀಸೆಯನ್ನು ಬೆಳಕಿಗೆ ಹಿಡಿದು ಅಲುಗಾಡಿಸಿದರು. ಒಳಗಿನದು ಅಲುಗಲಿಲ್ಲ. ಕೆಂಪು ಕಲ್ಲಿನಂತಾಗಿತ್ತು.

"ಇದನ್ನ ಹಾಕಾಕೆ ಆಗಲ್ಲ, ದುರುಗಪ್ಪನೋರೆ."

ಕರಗಿದರೆ ಸರಿಹೋಗುತ್ತದಲ್ಲ ಎಂದು ಅವನು ಕೇಳಿದ. ಕಲ್ಪನಾ ಅವನನ್ನು ಬೆಂಚಿನ ಮೇಲೆ ಕೂರಿಸಿ ವಿವರಿಸಿದರು. ಔಷಧಿ ಈ ನೀರಿನಲ್ಲಿ ಹಾಗೇ ಬೆರೆತಿಲ್ಲ. ತಲೆಗೂದಲ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟಿರುವ ಕೊಬ್ಬಿನ ಗುಳ್ಳೆಗಳೊಳಗೆ ತುಂಬಿಕೊಂಡಿದೆ. ಚೆನ್ನಾಗಿರುವ ರಕ್ತನಾಳದ ಗೋಡೆಯನ್ನು ಆ ಗುಳ್ಳೆಗಳು ಸುಲಭಕ್ಕೆ ದಾಟಲಾರವು. ಕ್ಯಾನ್ಸರ್ ಗಡ್ಡೆಯ ರಕ್ತನಾಳಗಳು ಮಾತ್ರ ಸಂದುಬಿಟ್ಟಿರುತ್ತವೆ. ಅಲ್ಲಿ ನುಸುಳಿ, ಅಲ್ಲೇ ಹೆಚ್ಚಾಗಿ ಸೇರಿ, ನಿಧಾನಕ್ಕೆ ಔಷಧಿ ಬಿಡುತ್ತವೆ. ಹುಲಿಗೆಮ್ಮನ ಹೃದಯ ಮೊದಲೇ ಸೋತಿದೆ. ಗುಳ್ಳೆಯಿಲ್ಲದ ಬರೀ ಔಷಧಿಯನ್ನು ಅದು ತಡೆಯಲಾರದು. ಹೆಪ್ಪುಗಟ್ಟಿದ ಸೀಸೆಯಲ್ಲಿ ಎಷ್ಟು ಗುಳ್ಳೆ ಒಡೆದಿವೆ ಎಂಬುದನ್ನು ಕಣ್ಣಲ್ಲಿ ನೋಡಿ ಹೇಳಲಾಗದು.

ಕಲ್ಲಾಗಿ ಹೆಪ್ಪುಗಟ್ಟಿದ ರೋಹು ಕರಗಿದಾಗ ಹೇಗೆ ನೀರು ಬಿಟ್ಟು, ಮಾಂಸ ಮೆತ್ತಗಾಗಿ ಮುಳ್ಳಿನಿಂದ ಕಳಚಿಕೊಳ್ಳುತ್ತದೆ ಎಂಬುದು ದುರುಗಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥ ಮೀನನ್ನು ಅವನು ಒಂದು ದಿನವೂ ಮಾರಿದವನಲ್ಲ.

"ಮೀನಿನ ವಿಷ್ಯಕ್ಕಿದ್ದ ಬುದ್ಧಿ ಅಕ್ಕನ ವಿಷ್ಯಕ್ಕೆ ಬರಲಿಲ್ಲ ನೋಡ್ರಿ ನಂಗೆ" ಎಂದ.

ಇನ್ನೊಂದು ಸೀಸೆ ಬರಲು ಒಂಬತ್ತು ದಿನ ಬೇಕಿತ್ತು. ಅದಕ್ಕಿಂತ ತಡವಾಗುವುದು ಬೇಡ ಎಂದಿದ್ದರು ಡಾಕ್ಟರು. ಅದೂ ಕೆಟ್ಟರೆ ಮತ್ತೆ ಯಾವಾಗ ಎಂಬುದನ್ನು ಗುರುಬಸವರಾಜ್ ಹೇಳಲಾರದೆ ಹೋದರು. ಆದರೂ ಎರಡರಿಂದ ಎಂಟು ಡಿಗ್ರಿಯೊಳಗೆ ಇರಬೇಕು ಎಂದು ಚೀಟಿಯಲ್ಲಿ ಬರೆದು, ತಮ್ಮ ಫ್ರಿಜ್ಜಿನ ಥರ್ಮಾಮೀಟರನ್ನೇ ಬಿಚ್ಚಿ ಕೈಗಿಟ್ಟರು.

ಆ ಒಂಬತ್ತು ದಿನವೂ ದುರುಗಪ್ಪನ ಪೆಟ್ಟಿಗೆಯಲ್ಲಿ ಮೀನಿನ ಜೊತೆಗೆ ಒಂದು ಪುಟ್ಟ ಡಬ್ಬಿ ಓಡಾಡಿತು. ಒಳಗೆ ನೀರು ತುಂಬಿದ ಖಾಲಿ ಟಾನಿಕ್ ಸೀಸೆ, ಪಕ್ಕದಲ್ಲಿ ಥರ್ಮಾಮೀಟರು. ಐಸಿಗೆ ಉಪ್ಪು ಬೆರೆಸುವುದು ನಿಂತಿತು. ಮೊದಲ ದಿನ ಸೊನ್ನೆ ತೋರಿಸಿತು. ಡಬ್ಬಿಗೆ ಟವಲ್ ಸುತ್ತಿದ. ಒಂದು ಡಿಗ್ರಿಗೆ ಬಂತು. ಎರಡು ಟವಲ್ ಸುತ್ತಿ ಅಡಿಗೆ ಗೋಣಿ ಮಡಿಸಿಟ್ಟ. ಹನ್ನೊಂದಕ್ಕೆ ಏರಿತು. ಹೊನ್ನಾಳಿಯ ಹಳೇ ಗಿರಾಕಿ ಕೊಟ್ರಬಸಪ್ಪ, ಮೀನಿಗೆ ಜ್ವರ ಬಂದೈತೇನೋ ಎಂದು ಕೆಣಕಿದರು. ಉಪ್ಪಿಲ್ಲದ ಐಸಿಗೆ ಮೊದಲಿನ ಕೊರೆತವಿಲ್ಲದೆ ಎರಡು ದಿನ ಮೀನೂ ಕೆಟ್ಟಿತು. ಆರನೆಯ ದಿನ ಒಂದೂವರೆ ಸುತ್ತು ಟವಲಿಗೆ ಐದು ಡಿಗ್ರಿ ನಿಂತಿತು. ಏಳು, ಎಂಟು, ಒಂಬತ್ತನೆಯ ದಿನವೂ ಅಷ್ಟೇ. ಆ ಟವಲಿನ ಮೇಲೆ ಒಂದೂವರೆ ಸುತ್ತಿಗೆ ಸೂಜಿ ದಾರದಿಂದ ಗುರುತು ಹಾಕಿದ.

ಸೀಸೆ ಬಂದ ದಿನ ಪೆಟ್ಟಿಗೆಗೆ ಮೀನು ಹಾಕಲಿಲ್ಲ. ಅಕ್ಕ ಮೊದಲೇ ಬಸ್ಸಿನಲ್ಲಿ ಹೋಗಿದ್ದಳು. ದಾರಿಯಲ್ಲಿ ಮೂರು ಕಡೆ ಬೈಕ್ ನಿಲ್ಲಿಸಿ ನೋಡಬೇಕೆನಿಸಿತು. ಮುಚ್ಚಳ ತೆಗೆದರೆ ಬಿಸಿಗಾಳಿ ನುಗ್ಗುತ್ತದೆ ಎಂದು ನಿಲ್ಲಿಸಲೇ ಇಲ್ಲ.

ಕಲ್ಪನಾ ಡಬ್ಬಿ ಬಿಚ್ಚಿ ಥರ್ಮಾಮೀಟರು ನೋಡಿದರು. ಐದು. ಸೀಸೆಯನ್ನು ಓರೆ ಮಾಡಿದರು. ಕೆಂಪು ದ್ರವ ಗಾಜಿನುದ್ದಕ್ಕೂ ಸಲೀಸಾಗಿ ಹರಿಯಿತು. ಅವರು ಅದನ್ನು ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ಹುಲಿಗೆಮ್ಮನ ಕೈಗೆ ಹನಿ ಇಳಿಯತೊಡಗಿತು.

ದುರುಗಪ್ಪ ಮಂಚದ ಪಕ್ಕ ಟವಲ್ ಹಿಡಿದು ನಿಂತಿದ್ದ. ಹುಲಿಗೆಮ್ಮ ಮೂಗು ಮುರಿದಳು.

"ಲೇ ದುರುಗ, ನನ್ನ ಔಷಧಿಗೂ ಕಾಟ್ಲಾ ವಾಸನೆ ಹಿಡಿಸಿದೀಯಲ್ಲೋ."

"ಟವಲ್ ಅಷ್ಟೇ ಅಕ್ಕ ವಾಸನೆ. ಔಷಧಿ ಸೀಸೇಲಿತ್ತು."

"ತೊಳೆದುಬಿಡು ಮತ್ತೆ."

ತೊಳೆಯುತ್ತೇನೆ ಎಂದ ಅವನು, ಹೊಲಿಗೆಯ ಗುರುತು ಮೇಲೆ ಬರುವಂತೆ ಟವಲನ್ನು ಮಡಿಸಿ, ಮುಂದಿನ ತಿಂಗಳಿಗೆಂದು ಡಬ್ಬಿಯೊಳಗಿಟ್ಟ.