ಗಾಜಿನೊಳಗಿನ ಬಿಸಿಲು

ಮೊದಲು ಗೊತ್ತಾಗಿದ್ದು ಮೆಟ್ಟಿಲ ಮೇಲೆ.

ಮಲ್ಲತ್ತಹಳ್ಳಿಯಲ್ಲಿ ನಮ್ಮದು ನಾಲ್ಕಂತಸ್ತಿನ ಕಟ್ಟಡ. ಉಳಿದದ್ದೆಲ್ಲ ಬಾಡಿಗೆಗೆ, ಮೂರನೇ ಮಹಡಿಯಲ್ಲಿ ನಾವು. ಲಿಫ್ಟ್ ಇಲ್ಲ. ಮೂರೂವರೆ ವರ್ಷದ ಮೊಮ್ಮಗಳು ಚಿನ್ನು ಅಂದು ಎರಡನೇ ಮಹಡಿಯ ತಿರುವಿನಲ್ಲಿ ಕೂತುಬಿಟ್ಟಳು.

"ಅಜ್ಜಿ, ಎತ್ಕೋ. ಕಾಲು ನೋವು."

"ಏಳೇ ಸೋಮಾರಿ. ನಿನ್ನ ವಯಸ್ಸಲ್ಲಿ ನಾನು ಎಮ್ಮೆ ಹಿಂದೆ ಓಡ್ತಿದ್ದೆ ಕಣೇ."

ಏಳಲಿಲ್ಲ. ಬೈದೆ. ಆಗಲೂ ಏಳಲಿಲ್ಲ. ಬೆನ್ನಿಗೊಂದು ಏಟು ಕೊಟ್ಟೆ. ಮೆಲ್ಲಗೇ ಕೊಟ್ಟಿದ್ದು, ಆದರೂ ಕೊಟ್ಟೆ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಮಗನಿಗೆ ಬಾಪೂಜಿ ನಗರದಲ್ಲಿ ಹಾರ್ಡ್‌ವೇರ್ ಅಂಗಡಿ. ಸೊಸೆ ಶ್ರುತಿ ಕೆಂಗೇರಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಮಗು ದಿನವಿಡೀ ನನ್ನ ಕೈಯಲ್ಲೇ. ಹಾಗಾಗಿ ಅವಳ ನಡಿಗೆ ಬದಲಾಗಿದ್ದನ್ನು ಮೊದಲು ನೋಡಬೇಕಾದವಳು ನಾನು. ನೋಡಿದೆ ಕೂಡ. ಬಾತುಕೋಳಿಯ ಹಾಗೆ ಆ ಕಡೆ ಈ ಕಡೆ ಓಲಾಡುತ್ತಿದ್ದಳು. ಮುದ್ದಾಗಿದೆ ಎಂದು ಫೋನಿನಲ್ಲಿ ವಿಡಿಯೋ ಮಾಡಿ ಬಂಧುಬಳಗಕ್ಕೆಲ್ಲ ಕಳಿಸಿದೆ.

ಒಂದು ಭಾನುವಾರ ಶ್ರುತಿ ಮಗುವಿಗೆ ಸ್ನಾನ ಮಾಡಿಸಿ ಟವೆಲ್ ಸುತ್ತಿ ನಿಲ್ಲಿಸಿದಳು. ಹಾಗೇ ನೋಡುತ್ತಾ ನಿಂತಳು.

"ಅತ್ತೆ, ಮಂಡಿ ನೋಡಿ. ಎರಡೂ ಸೇರ್ತಾನೇ ಇಲ್ಲ."

ಪಾದಗಳು ಕೂಡಿದ್ದವು. ಮಂಡಿಗಳ ನಡುವೆ ನನ್ನ ಅಂಗೈ ಆರಾಮಾಗಿ ತೂರುವಷ್ಟು ಜಾಗ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಮಣಿಕಟ್ಟು, ಮಂಡಿ ಎರಡರದ್ದೂ ಎಕ್ಸ್‌ರೇ ಆಯಿತು. ಡಾಕ್ಟರ್ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಒಂದೇ ಮಾತಿನಲ್ಲಿ ಹೇಳಿದರು.

ರಿಕೆಟ್ಸ್.

ಮೂಳೆ ಗಟ್ಟಿಯಾಗಿಲ್ಲ, ಮೈಭಾರಕ್ಕೆ ಬಾಗುತ್ತಿದೆ, ವಿಟಮಿನ್ ಡಿ ತೀರಾ ಕಡಿಮೆ ಎಂದು ಬಿಡಿಸಿ ಹೇಳಿದರು. ಆಮೇಲೆ ಕೇಳಿದರು, "ಮಗು ಬಿಸಿಲಿಗೆ ಹೋಗುತ್ತಾ?"

ನನಗೆ ರೇಗಿತು. "ಏನ್ ಮೇಡಂ ಹೀಗ್ ಕೇಳ್ತೀರಾ? ಹುಟ್ಟಿದಾಗಿಂದ ಎಣ್ಣೆ ಹಚ್ಚಿ ಬಿಸಿಲಲ್ಲಿ ಮಲಗಿಸಿದೀನಿ. ಮೂರು ಮಕ್ಕಳನ್ನ ಸಾಕಿದೋಳು ನಾನು."

"ಎಲ್ಲಿ ಮಲಗಿಸ್ತಿದ್ರಿ ಅಮ್ಮ?"

"ಬಾಲ್ಕನೀಲಿ."

"ಓಪನ್ ಬಾಲ್ಕನಿನಾ?"

"ಇಲ್ಲ, ಗಾಜು ಹಾಕ್ಸಿದೀವಿ. ಮೇನ್ ರೋಡ್ ಧೂಳು ನೋಡಿ."

ಅವರು ಬರೆಯುವುದನ್ನು ನಿಲ್ಲಿಸಿದರು. "ಗಾಜಿನೊಳಗೆ ಮೈ ಬೆಚ್ಚಗಾಗುತ್ತೆ ಅಷ್ಟೇ ಅಮ್ಮ. ವಿಟಮಿನ್ ಡಿ ಆಗೋಕೆ ಬೇಕಾದ ಕಿರಣ ಗಾಜು ದಾಟಿ ಬರಲ್ಲ."

ನಾನು ಚಿನ್ನುವನ್ನು ಮಡಿಲಿಗೆ ಎಳೆದುಕೊಂಡೆ.

ಇಲ್ಲಿ ನಿಜ ಹೇಳಿಬಿಡುತ್ತೇನೆ. ಧೂಳು ಅನ್ನೋದು ಅರ್ಧ ಸತ್ಯ. ಚಿನ್ನು ಹುಟ್ಟಿದಾಗ ಹಾಲಿನಂಥ ಬಣ್ಣ. ನಮ್ಮ ಮನೆತನದಲ್ಲಿ ಅಂಥ ಬಣ್ಣದ ಹೆಣ್ಣುಮಗು ಹುಟ್ಟಿದ್ದೇ ಇಲ್ಲ. ನಾನು ಕಪ್ಪು. ಮದುವೆಗೆ ಮುಂಚೆ ಆ ಕಾರಣಕ್ಕೆ ನನ್ನನ್ನು ಬೇಡವೆಂದು ಎದ್ದುಹೋದವರು ಎಷ್ಟು ಜನವೋ. ಈ ಮಗುವಿಗೆ ಆ ಗತಿ ಬರಬಾರದು ಅಂತ ನನ್ನ ಹಟ. ಗಾಜಿನೊಳಗೆ ಮಲಗಿಸಿ, ಬಿಸಿಲೂ ಸಿಕ್ಕಿತು, ಬಣ್ಣವೂ ಉಳಿಯಿತು ಎಂದು ಬೀಗಿದೆ. ಹೊರಗೆ ಬಿಡಲಿಲ್ಲ. ಹಸುಗೂಸಾಗಿದ್ದಾಗ ಕೊಟ್ಟಿದ್ದ ವಿಟಮಿನ್ ಡ್ರಾಪ್ಸನ್ನೂ ಎರಡನೇ ತಿಂಗಳಿಗೇ ನಿಲ್ಲಿಸಿದೆ. "ಇಷ್ಟು ಬಿಸಿಲಿರುವಾಗ ಬಾಟಲಿ ಯಾಕೆ" ಎಂದಿದ್ದೆ. ಡಾಕ್ಟರ್ ಆ ಡ್ರಾಪ್ಸಿನ ಬಗ್ಗೆ ಕೇಳಿದಾಗ ಶ್ರುತಿ ತಲೆ ತಗ್ಗಿಸಿದಳೇ ಹೊರತು ನನ್ನತ್ತ ಬೆರಳು ತೋರಲಿಲ್ಲ.

ಔಷಧಿ ಬರೆದುಕೊಟ್ಟರು. ವಿಟಮಿನ್ ಡಿ, ಕ್ಯಾಲ್ಸಿಯಂ. ಊಟಕ್ಕೆ ರಾಗಿ, ಮೊಟ್ಟೆ, ಮೊಸರು. "ಬೆಳೆಯೋ ಮೂಳೆ, ನೆಟ್ಟಗಾಗೋ ಚಾನ್ಸ್ ಇದೆ. ಆಗ್ಲಿಲ್ಲ ಅಂದ್ರೆ ಮುಂದೆ ಆಪರೇಷನ್ ಬಗ್ಗೆ ಯೋಚಿಸಬೇಕಾಗುತ್ತೆ. ಔಷಧಿ ಅದರ ಕೆಲಸ ಮಾಡುತ್ತೆ. ಆದ್ರೆ ಮಗು ಹೊರಗೆ ಆಡಬೇಕು. ಮಣ್ಣಲ್ಲಿ ಕೂರಲಿ, ಹತ್ತಲಿ, ಬೀಳಲಿ. ಬಲವಂತ ಮಾಡಬೇಡಿ, ಅವಳಿಗೇ ಆಸೆ ಆಗಬೇಕು."

ಆಟೋದಲ್ಲಿ ಬರುವಾಗ ನಾನೇ ಬಾಯಿಬಿಟ್ಟೆ. "ನನ್ನಿಂದಾನೇ ಆಯ್ತಲ್ಲ ಶ್ರುತಿ."

ಅವಳು ಮಡಿಲಲ್ಲಿದ್ದ ಚಿನ್ನುವಿನ ಮಂಡಿ ಸವರಿದಳು. ಆಮೇಲೆ "ನಾನೂ ಸುಮ್ಮನಿದ್ದೆನಲ್ಲ ಅತ್ತೆ" ಎಂದಳು. ಬೈದಿದ್ದರೆ ವಾಸಿಯಿತ್ತು.

ಹೊರಗೆ ಆಡಿಸಿ ಎಂದರು. ಎಲ್ಲಿ ಆಡಿಸುವುದು? ಈಗ ನಮ್ಮ ಕಟ್ಟಡ ಇರುವ ಜಾಗದಲ್ಲಿ ನಾನು ಸೊಸೆಯಾಗಿ ಬಂದಾಗ ರಾಗಿ, ಅವರೆ ಬೆಳೆಯುತ್ತಿದ್ದೆವು. ನನ್ನ ಮೂರು ಮಕ್ಕಳೂ ಬದುವಿನ ಮೇಲೆ ಉರುಳಾಡಿ ಬೆಳೆದವು. ಆಮೇಲೆ ಲೇಔಟ್ ಬಂತು, ಕಟ್ಟಡ ಬಂತು. ಗೇಟಿನವರೆಗೂ ಟೈಲ್ಸ್ ಹಾಕಿಸಿದೆ. ತುಳಸಿ ಕುಂಡ ಬಿಟ್ಟರೆ ಒಂದು ಹಿಡಿ ಮಣ್ಣಿಲ್ಲ.

ಪಕ್ಕದಲ್ಲಿ ನನ್ನ ಮೈದುನನ ಖಾಲಿ ಸೈಟು ಇದೆ. ಒಂದು ಹೊಂಗೆ ಮರ, ಮೊಣಕಾಲುದ್ದ ಕಳೆ, ಬೀದಿಯವರೆಲ್ಲ ಎಸೆದ ಕಸ. ಕುಡುಗೋಲು ಹಿಡಿದು ನಾನೇ ಇಳಿದೆ. ಕಳೆ ಕೊಯ್ದೆ, ಒಡೆದ ಬಾಟಲಿ ಚೂರು ಹೆಕ್ಕಿದೆ. ನಾಲ್ಕು ದಿನ ಹಿಡಿಯಿತು. ಸೊಂಟ ಬಿದ್ದುಹೋಯಿತು. ಐದನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಚಿನ್ನುವನ್ನು ಎತ್ತಿಕೊಂಡು ಹೋಗಿ, ಚಪ್ಪಲಿ ಬಿಚ್ಚಿ, ಮರದ ಪಕ್ಕ ಬಿಸಿಲಿನಲ್ಲಿ ಇಳಿಸಿದೆ.

ಅವಳು ಕಾಲೂರಲೇ ಇಲ್ಲ. ಎರಡೂ ಕಾಲು ಮೇಲೆತ್ತಿಕೊಂಡು ನನ್ನ ಕುತ್ತಿಗೆಗೆ ಜೋತುಬಿದ್ದಳು.

"ಛೀ, ಗಲೀಜು! ಅಜ್ಜಿ, ವೈಪ್ಸ್! ವೈಪ್ಸ್!"

ಆ ಛೀ ನನ್ನದೇ. ಥೇಟ್ ನನ್ನ ರಾಗ.

ಮೂರು ದಿನ ಇದೇ ಕಥೆ. ಚಾಪೆ ಹಾಸಿದರೆ ಚಾಪೆಯ ಮೇಲೆ ಗೊಂಬೆಯ ಹಾಗೆ ಕೂರುತ್ತಾಳೆ, ಒಂದು ಎಲೆ ಬಿದ್ದರೂ ಬೆಚ್ಚುತ್ತಾಳೆ. ಔಷಧಿಯನ್ನಾದರೆ ಮೂಗು ಹಿಡಿದು ಕುಡಿಸಬಹುದು. ಆಟವನ್ನು ಹೇಗೆ ಕುಡಿಸುವುದು?

ನೆಲಮಹಡಿಯಲ್ಲಿ ವಿಜಯಪುರದ ಕಡೆಯಿಂದ ಬಂದ ರೇಣುಕಾ ಬಾಡಿಗೆಗಿದ್ದಾಳೆ. ಅವಳ ಮಗಳು ಗೌರಿಗೆ ಐದು ವರ್ಷ. ಗೌರಿ ಕೆಸರು ಕಾಲಲ್ಲಿ ಮೆಟ್ಟಿಲು ಹತ್ತಿದಳೆಂದು ನಾನು ರಂಪ ಮಾಡಿ, ರೇಣುಕಾಳ ಕೈಯಲ್ಲೇ ಒರೆಸಿಸಿದ್ದೆ. ಅದಕ್ಕೂ ಮುಂಚೆ ಒಮ್ಮೆ ಅವಳು, "ಕೂಸಿಗೆ ಒಂಚೂರು ಹೊರಗ ಬಿಡ್ರಿ ಅಮ್ಮಾರ, ನಮ್ಮ ಗೌರಿ ಜೋಡಿ ಆಡ್ತೈತಿ" ಎಂದಾಗ ಕೇಳಿಸದವಳಂತೆ ಹೋಗಿದ್ದೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಈಗ ಅವಳ ಬಾಗಿಲು ತಟ್ಟಬೇಕು. ಎರಡು ಸಲ ಅರ್ಧಕ್ಕೆ ಹೋಗಿ ವಾಪಸ್ ಬಂದೆ. ಮೂರನೇ ಸಲ ತಟ್ಟಿದೆ.

"ರೇಣುಕಾ, ಗೌರೀನ ನಮ್ಮ ಚಿನ್ನು ಜೊತೆ ಆಡೋಕೆ ಕಳಿಸ್ತೀಯೇನಮ್ಮ?"

ಅವಳು ನನ್ನ ಮುಖ ನೋಡಿದಳು. "ಮಣ್ಣಾಗ ಆಡ್ತಾಳ್ರಿ ಅಕಿ. ಆಮ್ಯಾಲೆ ಮೆಟ್ಲಿಗೆ ಕೆಸರು ಹತ್ತೀತು" ಎಂದಳು. ನನಗೆ ಸರಿಯಾಗೇ ತಗುಲಿತು.

"ಹತ್ಲಿ ಬಿಡು" ಎಂದೆ.

ಹಿಂದಿನ ಸಂಜೆ ಮಳೆ ಹೊಯ್ದಿತ್ತು. ಗೌರಿ ಬಂದವಳೇ ಸೈಟಿನ ಮೂಲೆಯಲ್ಲಿ ಯಾರೋ ಮನೆ ಕಟ್ಟಿ ಉಳಿಸಿದ್ದ ಮರಳಿನಲ್ಲಿ ಕೂತು, ಒಂದು ಪಾದದ ಮೇಲೆ ಒದ್ದೆ ಮರಳು ಏರಿಸಿ ತಟ್ಟತೊಡಗಿದಳು. ಗುಬ್ಬಚ್ಚಿ ಗೂಡು! ಅಯ್ಯೋ, ನಾನು ಆಡಿ ಐವತ್ತು ವರ್ಷ ಮೇಲಾಯಿತು. ಸೀರೆ ಎತ್ತಿ ಕಟ್ಟಿ ನಾನೂ ಕೂತೆ. ಕಾಲು ಚಾಚಿ ಪಾದದ ಮೇಲೆ ಮರಳು ಹೇರಿದೆ, ತಟ್ಟಿದೆ, ಉಸಿರು ಬಿಗಿಹಿಡಿದು ಪಾದ ಎಳೆದೆ. ಕುಸಿಯಿತು. ಗೌರಿ ಹೊಟ್ಟೆ ಹಿಡಿದು ನಕ್ಕಳು.

"ಅಜ್ಜೀಗೆ ಬರಂಗಿಲ್ಲ!"

ಚಾಪೆಯ ಮೇಲಿಂದ ಇನ್ನೊಂದು ನಗು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಮತ್ತೆ ಹೇರಿದೆ. ಮತ್ತೆ ಕುಸಿಯಿತು, ಈ ಸಲ ಬೇಕೆಂದೇ. ಮೂರನೇ ಸಲಕ್ಕೆ ಒಂದು ಪುಟ್ಟ ಕೈ ಬಂದು ನನ್ನ ಪಾದದ ಮೇಲಿನ ಮರಳನ್ನು ತಟ್ಟಿತು. ಒಂದೇ ಬೆರಳಿನಲ್ಲಿ, ಬಿಸಿ ದೋಸೆ ಮುಟ್ಟುವವರ ಹಾಗೆ. ಆಮೇಲೆ ಅಂಗೈ. ಆಮೇಲೆ ಎರಡೂ ಕೈ. ನಿಂತಿತು ಗೂಡು.

"ನಂದೂ ಅಜ್ಜಿ" ಎಂದು ಚಿನ್ನು ಆ ಬಾಗಿದ ಕಾಲನ್ನು ಮರಳಿನೊಳಗೆ ಚಾಚಿದಳು.

ಅತ್ತುಬಿಟ್ಟೆ. ಕಣ್ಣಿಗೆ ಮರಳು ಬಿತ್ತು ಎಂದು ಮಕ್ಕಳಿಗೆ ಸುಳ್ಳು ಹೇಳಿದೆ.

ಅಲ್ಲಿಂದಾಚೆಗೆ ನಮ್ಮ ಮನೆಯ ಗಡಿಯಾರವೇ ಬದಲಾಯಿತು. ರಾಗಿ ಗಂಜಿ, ಡ್ರಾಪ್ಸ್, ಹತ್ತು ಗಂಟೆಗೆ ಸೈಟು. ಮೊದಲ ಎರಡು ತಿಂಗಳು ಹತ್ತು ಹೆಜ್ಜೆಗೆ ಕೂರುತ್ತಿದ್ದಳು. ಆಮೇಲೆ ಹೊಂಗೆ ಮರದ ಕೆಳಗಿನ ಕೊಂಬೆಗೆ ಜೋತುಬೀಳಲು ಕಲಿತಳು. ಇರುವೆ ಸಾಲಿನ ಹಿಂದೆ ಮಂಡಿಯೂರಿ ಹೋದಳು. ಬಿದ್ದು ಮೊಣಕೈ ತರಚಿಕೊಂಡಳು. ನೆಗಡಿಯಾಯಿತು, ಹೋಯಿತು. ಭಾನುವಾರಗಳಲ್ಲಿ ಮಗ ಅವಳನ್ನು ಜ್ಞಾನಭಾರತಿ ಕ್ಯಾಂಪಸ್ಸಿನ ಮರಗಳ ಕಡೆಗೆ ಕರೆದೊಯ್ದರೆ ಜೇಬು ತುಂಬ ಕಾಯಿ, ಕಲ್ಲು ತರುತ್ತಿದ್ದಳು. ಅವನ್ನೆಲ್ಲ ಗಾಜಿನ ಬಾಲ್ಕನಿಯಲ್ಲಿ ಸಾಲಾಗಿ ಇಟ್ಟಿದ್ದಾಳೆ. ಗಾಜು ಈಗ ಹಗಲೆಲ್ಲ ತೆರೆದೇ ಇರುತ್ತದೆ.

ಕಪ್ಪಾದಳು. ಸರಿಯಾಗೇ ಕಪ್ಪಾದಳು. ನಾದಿನಿಯೊಬ್ಬಳು ಮದುವೆ ಮನೆಯಲ್ಲಿ, "ಏನಕ್ಕಾ, ಮಗು ಬಣ್ಣಾನೇ ಹೋಯ್ತಲ್ಲ" ಎಂದು ಲೊಚಗುಟ್ಟಿದಳು. "ಹೋಗ್ಲಿ ಬಿಡೇ, ನನ್ನ ಬಣ್ಣ ಬಂತು" ಎಂದೆ. ಹಾಗೆಂದಾಗ ಒಳಗೆ ಒಂದು ಹಳೆಯ ಮುಳ್ಳು ಕಿತ್ತ ಹಾಗಾಯಿತು.

ಹೋದ ವಾರ ಮತ್ತೆ ಎಕ್ಸ್‌ರೇ ಆಯಿತು. ಡಾಕ್ಟರ್ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಮೂಳೆ ಗಟ್ಟಿಯಾಗುತ್ತಿದೆ, ಬಾಗು ಇಳಿದಿದೆ, ಪೂರ್ತಿ ಹೋಗಲು ಇನ್ನೂ ಸಮಯ ಬೇಕು. ಆಪರೇಷನ್ ಮಾತು ಸದ್ಯಕ್ಕಿಲ್ಲ. ಸದ್ಯಕ್ಕೆ ಎಂಬ ಆ ಪದವನ್ನು ನಾನು ಮರೆಯುವುದಿಲ್ಲ. ಆದರೂ ಮನೆಗೆ ಬಂದು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಗೌರಿಗೆ ಒಂದು ಜೊತೆ ಬಟ್ಟೆ ತಂದೆ, ಮಣ್ಣು ಹಿಡಿದರೂ ಕಾಣದ ಬಣ್ಣದ್ದು.

ನಿನ್ನೆ ಮಳೆ ಬಿಟ್ಟ ಮೇಲೆ ಚಿನ್ನು, ಗೌರಿ ಇಬ್ಬರೂ ಸೈಟಿನಿಂದ ಓಡಿಬಂದರು. ನಾನು ಹಿಂದೆ, ರೇಲಿಂಗ್ ಹಿಡಿದು ಏದುಸಿರು ಬಿಡುತ್ತಾ. ಎರಡನೇ ಮಹಡಿಯ ತಿರುವಿನಲ್ಲಿ ನಾನೇ ಕೂತುಬಿಟ್ಟೆ. ಮೇಲಿನಿಂದ ಚಿನ್ನು ಬಗ್ಗಿ ನೋಡಿದಳು.

"ಏಳೇ ಸೋಮಾರಿ ಅಜ್ಜಿ!"

ಎದ್ದೆ. ಬಿಳಿ ಮೆಟ್ಟಿಲ ಮೇಲೆ ಕೆಸರಿನ ಪುಟ್ಟ ಹೆಜ್ಜೆಗಳು ಮೂರನೇ ಮಹಡಿಯವರೆಗೂ ಬಿದ್ದಿದ್ದವು. ಒಂದೊಂದನ್ನೇ ಬಗ್ಗಿ ನೋಡುತ್ತಾ ಹತ್ತಿದೆ. ಚಿನ್ನುವಿನ ಬಲಗಾಲು ನೆಟ್ಟಗೆ. ಎಡಗಾಲಿನ ಬೆರಳು ಇನ್ನೂ ಚೂರು ಒಳಕ್ಕೆ. ಸಂಜೆ ಮಗ, ಸೊಸೆ ಬರುವವರೆಗೂ ಆ ಮೆಟ್ಟಿಲುಗಳನ್ನು ಯಾರಿಗೂ ಒರೆಸಲು ಬಿಡಲಿಲ್ಲ.