ಭಟ್ಟಿ ಹತ್ತಿಸಿದ ಜ್ವರ

ಬಸಣ್ಣ, ಅವತ್ತು ನನಗೆ ಜ್ವರ ಇರಲಿಲ್ಲ. ಆರು ವರ್ಷ ತಡವಾಗಿ ಹೇಳುತ್ತಿದ್ದೇನೆ — ನಿನ್ನ ಅಂಗೈಗೆ ತಗುಲಿದ ಆ ಬಿಸಿ ಟೈಫಾಯ್ಡಿನದಲ್ಲ, ನಮ್ಮ ಮನೆ ಹಿಂದಿನ ಮಂಡಕ್ಕಿ ಭಟ್ಟಿಯದು.

ನನ್ನ ಸ್ವಭಾವ ನಿನಗೆ ಗೊತ್ತು. ಎರಡು ಸೀನು ಬಂದರೆ ವಿಮೆ ಕಾಗದ ಹುಡುಕುವವನು. ಟೈಫಾಯ್ಡ್ ಮರುಕಳಿಸಿ ಮೂರು ತಿಂಗಳು ದಾವಣಗೆರೆಯ ಮನೆಯಲ್ಲಿ ಮಲಗಿದ್ದಾಗ ಕಾರ್ಖಾನೆಯ ರಜೆ ನಿಯಮಗಳ ಪುಸ್ತಕ ನನ್ನ ದಿಂಬಿನ ಕೆಳಗೇ ಇತ್ತು. ಸಂಬಳ ಎಷ್ಟು ದಿನ ಬರುತ್ತದೆ, ಮಲಗಿದವನನ್ನು ಕೆಲಸದಿಂದ ತೆಗೆಯಬಹುದೇ — ಎಲ್ಲ ಬಾಯಿಪಾಠ. ಆದರೂ ದಿನಕ್ಕೆ ಮೂರು ಸಲ ಹರಿಹರದ ಕಾರ್ಖಾನೆಗೆ, ನಿನಗೆ ಫೋನು ಮಾಡುತ್ತಿದ್ದೆ. "ನಿನ್ನ ಕುರ್ಚಿ ಎಲ್ಲಿಗೂ ಹೋಗಿಲ್ಲ ತಮ್ಮಾ, ನೀನಿಲ್ದೆ ಅದಕ್ಕೂ ಆರಾಮಾಗೈತೆ" ಎಂದು ನೀನು ನಗುತ್ತಿದ್ದೆ. ಕಾರ್ಖಾನೆಯ ಸ್ಟೋರಿನಲ್ಲಿ ನಾವಿಬ್ಬರೇ, ನನ್ನ ಪಾಲಿನ ಕೆಲಸವೂ ನಿನ್ನ ತಲೆಯ ಮೇಲೇ.

ಅದೇ ಪುಸ್ತಕದ ಮುಂದಿನ ಪುಟದಲ್ಲಿ ಇನ್ನೆರಡು ಸಾಲುಗಳಿದ್ದವು. ರಜೆಯಲ್ಲಿರುವವನು ಬೇರೆ ಕೆಲಸ ಮಾಡಕೂಡದು. ಡಾಕ್ಟರು ಗುಣವಾಯಿತೆಂದ ಮರುದಿನವೇ ಸರ್ಟಿಫಿಕೇಟು ಹಿಡಿದು ಹಾಜರಾಗಬೇಕು. ಓದಿರಲಿಲ್ಲ ಎನ್ನಲಾರೆ — ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ.

ಸೋಮವಾರ ಡಾಕ್ಟರು ಸರ್ಟಿಫಿಕೇಟು ಬರೆದುಕೊಟ್ಟರು. ಮನೆಗೆ ಬರುವಾಗ ಭಟ್ಟಿಯ ದಾದಾಪೀರ್ ಕರೆದರು. "ಬರ್ರಿ ಸಾಹೇಬ್ರ, ಕೂಡ್ರಿ. ಗಂಜಿ ಕುಡಿದು ಕುಡಿದು ಗಂಜೀನ ಆಗೀರಲ್ರಿ!" ಸುಮ್ಮನೆ ಕೂತೆ. ಆಮೇಲೆ ಜಾಲರಿ ಹಿಡಿದೆ. ಕಾದ ಮರಳಿಗೆ ಅಕ್ಕಿ ಬಿದ್ದು, ಒಂದೇ ಉಸಿರಿನಲ್ಲಿ ಚಟಪಟ ಅರಳಿ, ಬಾಣಲೆ ತುಂಬ ಬಿಳಿ ನಗು! "ಕೈ ಜಲ್ದಿ ಆಡಿಸ್ರಿ, ಅದೇನ್ ನಿಮ್ ಆಫೀಸ್ ಫೈಲೇನ್ರಿ?" ಎಂದು ಬೈಸಿಕೊಂಡೆ. ಬೈಸಿಕೊಂಡೂ ಖುಷಿಯಾಯಿತು. ಇಪ್ಪತ್ತು ವರ್ಷ ನಟ್ಟು ಬೋಲ್ಟು ಎಣಿಸಿದ ಕೈಗೆ ತನ್ನಿಂದ ಏನೋ ಅರಳುತ್ತದೆಂದು ಮೊದಲ ಸಲ ಗೊತ್ತಾಗಿತ್ತು. ನಾಳೆ ಹಾಜರಾದರಾಯಿತು ಅಂದುಕೊಂಡೆ. ಮಂಗಳವಾರವೂ ಹಾಗೆಯೇ... ಬುಧವಾರವೂ...

ಶನಿವಾರ ಮಧ್ಯಾಹ್ನ ನೀನು ಮೋಸಂಬಿ ಚೀಲ ಹಿಡಿದು ಬಂದೆ. ಹೆಂಡತಿ ಹಿತ್ತಲಿಗೆ ಓಡಿ ಬಂದು ಹೇಳಿದಳು; ನಾನು ಭಟ್ಟಿಯಿಂದ ಓಡಿ, ಹಿಂಬಾಗಿಲಿನಿಂದ ನುಗ್ಗಿ, ಕಂಬಳಿ ಎಳೆದುಕೊಂಡೆ. ನೀನು ಹಣೆ ಮುಟ್ಟಿದೆ.

"ಅಯ್ಯಯ್ಯೋ, ಮೈ ಕೆಂಡ ಆಗೈತಲ್ಲೋ ತಮ್ಮಾ! ಏದುಸಿರು ಬೇರೆ! ಡಾಕ್ಟ್ರು ಏನಂತಾರ?"

ಸರ್ಟಿಫಿಕೇಟು ನನ್ನ ಬೆನ್ನ ಕೆಳಗೇ ಇತ್ತು. ನಾನಂದೆ — "ಇನ್ನೊಂದು ಹತ್ತು ದಿನ ಬೇಕಾಗಬಹುದು, ಬಸಣ್ಣ."

ನೀನು ಮೋಸಂಬಿ ಚೀಲವನ್ನು ನನ್ನ ದಿಂಬಿನ ಪಕ್ಕ ಇಟ್ಟೆ. ಗುರುವಾರ ಉಕ್ಕಡಗಾತ್ರಿಯಲ್ಲಿ ನಿನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ನಾನು ಬಂದರೆ ಮಾತ್ರ ನಿನಗೆ ರಜೆ. "ಇರ್ಲಿ ಬಿಡು. ಕೂಸು ಎಲ್ಲಿಗೆ ಹೋಗ್ತೈತೆ? ನೀನು ಮೊದ್ಲು ಎದ್ದು ಕೂಡು" ಅಂದೆ ನೀನು. ಮ್ಯಾನೇಜರ ಹತ್ತಿರ ಹೋಗಿ, "ನಾನೇ ಮುಟ್ಟಿ ನೋಡೀನ್ರಿ ಸಾರ್" ಎಂದು ನನಗಾಗಿ ಜಗಳವಾಡಿದೆ. ಮೊಮ್ಮಗಳಿಗೆ ಇಟ್ಟ ತುಂಗಾ ಎಂಬ ಹೆಸರನ್ನು ನೀನು ಸ್ಟೋರಿನ ಫೋನಿನಲ್ಲಿ ಕೇಳಿದೆ.

ಇನ್ನೂ ನಾಚಿಕೆಯ ಮಾತು ಉಳಿದಿದೆ. ಆ ಹತ್ತು ದಿನ ನಾನು ಕೊರಗಲಿಲ್ಲ. ಚಿಂತೆಯೇ ಕಸುಬಾದ ನಾನು — ಬೆವರಿ, ನಕ್ಕು, ಸೇರುಗಟ್ಟಲೆ ಬಿಸಿ ಮಂಡಕ್ಕಿ ತಿಂದು — ಬದುಕಿನಲ್ಲೇ ಅಷ್ಟು ಸುಖವಾಗಿ ಎಂದೂ ಇರಲಿಲ್ಲ. ಆ ಸುಖ ನಿನ್ನ ಗುರುವಾರದ್ದು. ಆಮೇಲೆ ಸರ್ಟಿಫಿಕೇಟು ಕಳೆದುಹೋಯಿತೆಂದು ಡಾಕ್ಟರಿಗೂ ಸುಳ್ಳು ಹೇಳಿ ಹೊಸದು ಬರೆಸಿಕೊಂಡೆ.

ಮೊದಲನೆಯದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ತಾರೀಖು ನೋಡು. ಮೂಲೆಯ ಕಪ್ಪು ಹೆಬ್ಬೆಟ್ಟಿನ ಗುರುತು ನನ್ನದೇ, ಭಟ್ಟಿಯ ಮಸಿ.

ಬರುವ ಗುರುವಾರ ತುಂಗಾಳ ಶಾಲೆಯಲ್ಲಿ ಅವಳ ಕುಣಿತವಿದೆಯಂತೆ. ರಜೆ ಕೇಳಲು ನೀನು ಹಿಂದೆಮುಂದೆ ನೋಡುತ್ತಿದ್ದೀಯಂತೆ. ನೀನು ಹೋಗು. ಅವತ್ತು ಸ್ಟೋರನ್ನು ನಾನೊಬ್ಬನೇ ನೋಡಿಕೊಳ್ಳುತ್ತೇನೆಂದು ಬೆಳಿಗ್ಗೆ ಮ್ಯಾನೇಜರಿಗೆ ಬರೆದುಕೊಟ್ಟಿದ್ದೇನೆ. ಮಗುವಿಗೆ ಒಂದು ಚೀಲ ಮಂಡಕ್ಕಿ ಇದೆ, ನಾನೇ ಹುರಿದದ್ದು. ಈ ಕಾಗದದ ಇನ್ನೊಂದು ಪ್ರತಿಯನ್ನು ಮ್ಯಾನೇಜರ ಮೇಜಿನ ಮೇಲಿಟ್ಟು ಬಂದಿದ್ದೇನೆ. ಇಂಥದಕ್ಕೆ ಏನು ಶಿಕ್ಷೆ ಎಂದು ಪುಸ್ತಕದಲ್ಲಿ ಇದ್ದೇ ಇರುತ್ತದೆ — ನಾನು ತೆಗೆದು ನೋಡಿಲ್ಲ.